ಕಾವು ಕೂತ ಹೇಟೆಗೆ ನಾನು ಮಾಡಿದ್ದು, ಮಾಡದೆ ಬಿಟ್ಟಿದ್ದು

ಮೊಟ್ಟೆ ತೆಗೆಯೋಣ ಎಂದು ಗೂಡಿನೊಳಗೆ ಕೈ ಹಾಕಿದೆ. ಕಂದು ಹೇಟೆ ಮೈಯ ಪುಕ್ಕವನ್ನೆಲ್ಲ ನಿಗುರಿಸಿ, ಗುರ್ ಎಂದು ಮುಂಗೈಗೆ ಬಲವಾಗಿ ಕುಕ್ಕಿತು. ಹಿಂದಿನ ವಾರದವರೆಗೂ ನನ್ನ ಅಂಗೈಯಿಂದಲೇ ಕಾಳು ತಿನ್ನುತ್ತಿದ್ದ ಕೋಳಿ ಅದು. ಎತ್ತಿ ಹೊರಗೆ ಬಿಟ್ಟರೆ ಕೊಕ್ ಕೊಕ್ ಎನ್ನುತ್ತಾ ಒಂದು ಸುತ್ತು ಹಾಕಿ ಮತ್ತೆ ಗೂಡಿಗೇ ಓಡಿತು. ಎದೆಯ ಕೆಳಗೆ ಬೆರಳಿಟ್ಟು ನೋಡಿದೆ. ಪುಕ್ಕ ಇಲ್ಲ, ಬರೀ ಚರ್ಮ, ಬಿಸಿಬಿಸಿ. ಆಗ ಖಾತ್ರಿಯಾಯಿತು, ಇದು ಕಾವಿಗೆ ಬಂದಿದೆ. ಎದೆಯ ಆ ಬೋಳು ಜಾಗವೇ ಮೊಟ್ಟೆಗೆ ಬಿಸಿ ಮುಟ್ಟಿಸುವುದು. ಪುಕ್ಕ ಅಡ್ಡ ಇದ್ದರೆ ಮೈಯ ಕಾವು ಮೊಟ್ಟೆಗೆ ಸರಿಯಾಗಿ ಇಳಿಯುವುದಿಲ್ಲ.

ಹಾಗಂತ ಅವತ್ತೇ ಮೊಟ್ಟೆ ಇಡಲಿಲ್ಲ. ಹಿಂದೆ ಒಂದು ಹೇಟೆಗೆ ಅವಸರದಲ್ಲಿ ಇಟ್ಟು, ಅದು ಐದನೇ ದಿನಕ್ಕೆ ಎದ್ದು ಹೋಗಿ, ಬೆಳೆಯಲು ಶುರುವಾಗಿದ್ದ ಮೊಟ್ಟೆಗಳೆಲ್ಲ ತಣ್ಣಗಾಗಿದ್ದವು. ಈ ಸಲ ಮೂರು ದಿನ ಮರದ ಮೊಟ್ಟೆ ಇಟ್ಟು ಕಾದೆ. ಮೂರು ರಾತ್ರಿಯೂ ಅಟ್ಟಣೆ ಹತ್ತದೆ ಗೂಡಿನಲ್ಲೇ ಉಳಿದ ಮೇಲೆ ನಂಬಿಕೆ ಬಂತು.

ಜಾಗದ ವಿಷಯದಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಮೊದಲ ಸಲ ಮರಿ ಮಾಡಿಸುವಾಗ ಹೇಟೆಯನ್ನು ಎಲ್ಲ ಕೋಳಿಗಳೂ ಮೊಟ್ಟೆ ಇಡುವ ಗೂಡಿನಲ್ಲೇ ಬಿಟ್ಟಿದ್ದೆ. ಅದು ನೀರಿಗೆ ಎದ್ದಾಗಲೆಲ್ಲ ಬೇರೆ ಕೋಳಿಗಳು ಬಂದು ಅಲ್ಲೇ ಮೊಟ್ಟೆ ಇಟ್ಟು ಹೋಗುತ್ತಿದ್ದವು. ನನಗೆ ಗೊತ್ತೇ ಆಗಲಿಲ್ಲ. ಇಪ್ಪತ್ತೊಂದನೇ ದಿನಕ್ಕೆ ನಾಲ್ಕು ಮರಿ ಹೊರಬಂದವು. ಒಂದು ದಿನ ಬಿಟ್ಟು ತಾಯಿ ಮರಿಗಳನ್ನು ಕರೆದುಕೊಂಡು ಎದ್ದುಬಿಟ್ಟಿತು. ಉಳಿದ ಮೊಟ್ಟೆಗಳಲ್ಲಿ ಅರ್ಧ ಬೆಳೆದ ಮರಿಗಳಿದ್ದವು. ಅವನ್ನು ಒಡೆದು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಆದ್ದರಿಂದ ಈಗ ಕಾವಿನ ಹೇಟೆಗೆ ಬೇರೆಯದೇ ಮೂಲೆ. ಮಂದ ಬೆಳಕು, ಗಾಳಿ ಆಡಬೇಕು, ಹೆಗ್ಗಣ ನುಗ್ಗಬಾರದು. ಅಗಲವಾದ ಪೆಟ್ಟಿಗೆಯ ತಳಕ್ಕೆ ನಾಲ್ಕು ಬೆರಳಷ್ಟು ಮಣ್ಣು ಹಾಕಿ, ಕೈಯಿಂದ ತಟ್ಟೆಯಂತೆ ತುಸು ಹಳ್ಳ ಮಾಡಿ, ಮೇಲೆ ಒಣಹುಲ್ಲು ಹಾಸುತ್ತೇನೆ. ಹಳ್ಳ ಇದ್ದರೆ ಮೊಟ್ಟೆ ಮೂಲೆಗೆ ಉರುಳಿ ಹೋಗುವುದಿಲ್ಲ. ಜಾಸ್ತಿ ಆಳ ಮಾಡಿದರೆ ಒಂದರ ಮೇಲೊಂದು ಬಿದ್ದು ಬಿರುಕು ಬಿಡುತ್ತವೆ. ಹೇಟೆಯನ್ನು ಅಲ್ಲಿಗೆ ಸಾಗಿಸುವುದು ಕತ್ತಲಾದ ಮೇಲೆಯೇ. ಹಗಲಿನಲ್ಲಿ ಎತ್ತಿಟ್ಟರೆ ಹಳೆಯ ಗೂಡಿಗೆ ಓಡಲು ಒದ್ದಾಡುತ್ತದೆ. ರಾತ್ರಿ ಎತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಸ ಜಾಗವೇ ತನ್ನದು ಅಂದುಕೊಂಡಿರುತ್ತದೆ.

ಮೊಟ್ಟೆ ಆರಿಸುವುದು ಸುಲಭ. ಹುಂಜ ಜೊತೆಗಿರುವ ಗುಂಪಿನದ್ದಾಗಿರಬೇಕು. ಇಟ್ಟು ಒಂದು ವಾರ ದಾಟಿರಬಾರದು. ಅಲ್ಲಿಯವರೆಗೆ ತಂಪಾದ ಜಾಗದಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡುತ್ತೇನೆ, ಫ್ರಿಜ್‌ನಲ್ಲಿ ಇಡುವುದಿಲ್ಲ. ಕೊಳೆ ಹತ್ತಿದ ಮೊಟ್ಟೆಯನ್ನು ತೊಳೆದು ಇಡುವ ಬದಲು ಬಿಟ್ಟುಬಿಡುತ್ತೇನೆ. ಚಿಪ್ಪಿನ ಮೇಲಿನ ತೆಳು ಪೊರೆ ತೊಳೆದರೆ ಹೋಗುತ್ತದೆ, ಆಮೇಲೆ ರೋಗಾಣು ಒಳಗಿಳಿಯುತ್ತದೆ. ಈ ಹೇಟೆ ಗಾತ್ರದಲ್ಲಿ ಚಿಕ್ಕದು, ಅದಕ್ಕೆ 9 ಸಾಕು ಅನ್ನಿಸಿತು. ಆಸೆಗೆ ಬಿದ್ದು ಹೆಚ್ಚು ಇಟ್ಟರೆ ಅಂಚಿನ ಮೊಟ್ಟೆಗೆ ಕಾವು ಸಾಲುವುದಿಲ್ಲ. ಹೇಟೆ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ತಿರುಗಿಸಿ ಒಳಗಿನದು ಹೊರಗೆ, ಹೊರಗಿನದು ಒಳಗೆ ಮಾಡುತ್ತದೆ. ಹಾಗಾಗಿ ಒಂದು ಹೆಚ್ಚಾದರೂ ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ. ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ಸುತ್ತ ಒಂದು ಗೆರೆ ಎಳೆದು, ರಾತ್ರಿ ಮರದ ಮೊಟ್ಟೆ ತೆಗೆದು ಒಂಬತ್ತನ್ನೂ ಒಟ್ಟಿಗೇ ಇಟ್ಟೆ. ಗೆರೆ ಇಲ್ಲದ ಮೊಟ್ಟೆ ಕಂಡರೆ ಅದು ಆಮೇಲೆ ಬಂದದ್ದು ಎಂದರ್ಥ.

ಮರುದಿನದಿಂದ 21 ದಿನದ ಲೆಕ್ಕ. ದಿನಕ್ಕೆ ಒಂದು ಸಲ ಹೇಟೆ ತಾನಾಗಿ ಏಳುತ್ತದೆ. ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ದೊಡ್ಡದಾಗಿ, ಮೂಗು ಮುಚ್ಚಿಕೊಳ್ಳುವಂಥ ಹಿಕ್ಕೆ ಹಾಕಿ, 15–20 ನಿಮಿಷದಲ್ಲಿ ವಾಪಸ್. ಅಷ್ಟು ಹೊತ್ತಿಗೆ ಮೊಟ್ಟೆಗೆ ಏನೂ ಆಗುವುದಿಲ್ಲ, ಗಾಬರಿ ಬೇಡ. ಈ ಕಂದು ಹೇಟೆ ಮಾತ್ರ ಮೊದಲ ಎರಡು ದಿನ ಏಳಲೇ ಇಲ್ಲ. ಹೊಟ್ಟೆಗಿಲ್ಲದೆ ಸೊರಗುತ್ತದೆ ಎಂದು ನಾನೇ ಎತ್ತಿದೆ. ಎತ್ತುವ ಮುಂಚೆ ಎರಡೂ ರೆಕ್ಕೆಯ ಕೆಳಗೆ ಬೆರಳಾಡಿಸಿ ನೋಡಬೇಕು. ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಅವುಚಿಕೊಂಡಿರುತ್ತವೆ. ಹಾಗೇ ಎತ್ತಿದರೆ ಅರ್ಧಕ್ಕೆ ಬಂದಾಗ ಜಾರಿ, ಕೆಳಗಿನ ಮೊಟ್ಟೆಯ ಮೇಲೆ ಬಿದ್ದು ಎರಡೂ ಹೋಗುತ್ತವೆ. ಎತ್ತಿದಾಗಲೇ ಬಾಲದ ಬುಡದ ಪುಕ್ಕ ಸರಿಸಿ ಹೇನು ಇದೆಯಾ ನೋಡಿಕೊಂಡೆ. ಸುಮ್ನೆ ಕೂತ ಕೋಳಿಗೆ ಹೇನು ಬೇಗ ಹೆಚ್ಚುತ್ತದೆ. ಅದರ ಕಡಿತ ತಡೆಯಲಾರದೆ ಹೇಟೆ ಗೂಡು ಬಿಡುವುದೂ ಉಂಟು.

ಏಳನೇ ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ನೋಡಿದೆ. ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಒತ್ತಿ ಹಿಡಿದರೆ ಇಡೀ ಮೊಟ್ಟೆ ಕೆಂಡದ ಬಣ್ಣಕ್ಕೆ ಹೊಳೆಯುತ್ತದೆ. ಮೂರನೆಯದರಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು. ಕೈ ಅಲುಗಿಸದೆ ಉಸಿರು ಹಿಡಿದು ನೋಡುತ್ತಿದ್ದ ಹಾಗೆ ಆ ಚುಕ್ಕೆ ಮಿಸುಕಿತು. ಒಂದು ಮೊಟ್ಟೆ ಇಟ್ಟ ದಿನದಷ್ಟೇ ತಿಳಿಯಾಗಿತ್ತು, ಅದರಲ್ಲಿ ಮರಿ ಕಟ್ಟಿರಲಿಲ್ಲ. ಇನ್ನೊಂದರಲ್ಲಿ ನರಗಳಿಲ್ಲದೆ ಬರೀ ಕೆಂಪು ಬಳೆಯಂಥ ಗೆರೆ. ಅದು ಶುರುವಾಗಿ ಸತ್ತದ್ದು. ಎರಡನ್ನೂ ತೆಗೆದೆ. ಬಿಟ್ಟರೆ ಕೊಳೆತು ಒಡೆಯಬಹುದು, ಆ ಹೊಲಸು ಒಳ್ಳೆಯ ಮೊಟ್ಟೆಗೂ ತಗುಲುತ್ತದೆ. ಉಳಿದದ್ದು 7. ಹದಿನಾಲ್ಕನೇ ರಾತ್ರಿ ಇನ್ನೊಮ್ಮೆ ನೋಡಿದಾಗ ಏಳೂ ಕಪ್ಪಗೆ ತುಂಬಿಕೊಂಡಿದ್ದವು. ಅಗಲ ತುದಿಯ ಗಾಳಿಯ ಜಾಗ ಮಾತ್ರ ಬೆಳ್ಳಗಿತ್ತು.

ಹದಿನೆಂಟನೇ ದಿನದಿಂದ ಗೂಡಿಗೆ ಕೈ ಹಾಕಲಿಲ್ಲ. ಒಳಗೆ ಮರಿ ಹೊರಬರಲು ಬೇಕಾದ ಹಾಗೆ ತಿರುಗಿ ಕೂರುವ ಹೊತ್ತು ಅದು. ಹೇಟೆಯೂ ಆಗ ಏಳುವುದು ಅಪರೂಪ. ಕೊಕ್ಕಿಗೆ ಎಟುಕುವ ಹಾಗೆ ಕಾಳು, ನೀರು ಇಟ್ಟು ದೂರ ನಿಂತೆ. ಇಪ್ಪತ್ತನೇ ದಿನ ಸಂಜೆ ಗೂಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟರೆ, ಹೇಟೆಯ ಹೊಟ್ಟೆಯ ಕೆಳಗಿಂದ ಸಣ್ಣಗೆ ಚಿಂವ್ ಎಂದು ಕೇಳಿಸಿತು. ಹೇಟೆ ತಲೆ ಬಾಗಿಸಿ, ಅಲ್ಲಿಯವರೆಗೆ ನಾನು ಕೇಳದಿದ್ದ ಮೆತ್ತನೆಯ ದನಿಯಲ್ಲಿ ಕ್ರೂ ಕ್ರೂ ಎಂದಿತು. ಮರಿ ಇನ್ನೂ ಚಿಪ್ಪಿನೊಳಗೇ ಇತ್ತು.

ಮೊದಲ ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು ಒಂದು ದಿನ ಹಿಡಿದರೂ ಅದು ಸಹಜವೇ. ಇದು ಗೊತ್ತಿಲ್ಲದೆ ಮೊದಲ ಸಲ ನಾನೊಂದು ಮರಿಯನ್ನು ಕಳೆದುಕೊಂಡಿದ್ದೆ. ತೂತು ಮಾಡಿ ಸುಮ್ಮನಾಯಿತಲ್ಲ, ಪಾಪ, ಸುಸ್ತಾಗಿದೆ ಎಂದುಕೊಂಡು ಚಿಪ್ಪನ್ನು ಉಗುರಿನಿಂದ ಎಬ್ಬಿಸಿದೆ. ಒಳಗಿನ ಪೊರೆಯಲ್ಲಿ ರಕ್ತ ಜಿನುಗಿತು. ಆ ಪೊರೆಯ ನರಗಳಿಂದ ರಕ್ತ ಮರಿಯ ಮೈಗೆ ಎಳೆದುಕೊಳ್ಳಬೇಕು, ಮೊಟ್ಟೆಯ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಸೇರಬೇಕು. ಸುಮ್ಮನಿದ್ದ ಹಾಗೆ ಕಾಣುವಾಗ ಮರಿ ಮಾಡುತ್ತಿರುವುದು ಅದನ್ನೇ. ಅವಸರಪಟ್ಟವಳು ನಾನು. ಈ ಸಲ ಎರಡೂ ಕೈ ಹಿಂದೆ ಕಟ್ಟಿಕೊಂಡು ಅಂಗಳದಲ್ಲಿ ಅಡ್ಡಾಡಿದೆ. ಮರುದಿನ ಮಧ್ಯಾಹ್ನ ಹೇಟೆಯ ರೆಕ್ಕೆ ಸಂದಿಯಿಂದ ಒಂದು ಹಳದಿ ತಲೆ ಇಣುಕಿತು. ರಾತ್ರಿಯೊಳಗೆ ಆರು ತಲೆ. ಏಳನೆಯದನ್ನು ಇಪ್ಪತ್ಮೂರನೇ ದಿನದವರೆಗೆ ಕಾದು ತೆಗೆದೆ.

ಮೊದಲ ದಿನ ಮರಿಗಳಿಗೆ ಆಹಾರದ ಚಿಂತೆ ಬೇಡ. ಹೊಟ್ಟೆಗೆ ಸೇರಿದ ಹಳದಿಯೇ ಎರಡು ದಿನಕ್ಕೆ ಸಾಕು. ತಡವಾಗಿ ಒಡೆಯುವ ಮೊಟ್ಟೆಗಳಿಗಾಗಿ ಹೇಟೆ ಗೂಡಿನಲ್ಲೇ ಕೂರಲು ಇದರಿಂದಲೇ ಆಗುವುದು. ಅದು ಎದ್ದ ಮೇಲೆ ತಟ್ಟೆಯಂಥ ಪಾತ್ರೆಯಲ್ಲಿ ನೀರಿಟ್ಟು, ಅದರ ತುಂಬ ಬೆಣಚುಕಲ್ಲು ಹಾಕಿದೆ. ಒಂದು ಅಂಗುಲ ನೀರಿನಲ್ಲೂ ಮರಿ ಮುಳುಗಿ ಸಾಯುತ್ತದೆ. ತಿನ್ನಲು ಮರಿಗಳ ಪುಡಿ ಆಹಾರ. ಮೊಟ್ಟೆ ಕೋಳಿಯ ಆಹಾರದಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಗಳ ಮೂತ್ರಪಿಂಡ ಕೆಡುತ್ತದೆ. ಹೇಟೆ ಮೊಟ್ಟೆ ಇಡುತ್ತಿರುವುದಿಲ್ಲವಾದ್ದರಿಂದ ಅದಕ್ಕೂ ಮರಿಗಳ ಆಹಾರವೇ ಆಗುತ್ತದೆ. ತಿನ್ನುವುದನ್ನು ಕಲಿಸುವ ಕೆಲಸ ನನ್ನದಲ್ಲ. ಹೇಟೆ ಒಂದು ಚೂರು ಕಚ್ಚಿ ಎತ್ತುತ್ತದೆ, ಕೆಳಗೆ ಬೀಳಿಸುತ್ತದೆ, ಟುಕ್ ಟುಕ್ ಟುಕ್ ಎಂದು ಕರೆಯುತ್ತದೆ. ಆರೂ ಓಡಿ ಬರುತ್ತವೆ. ತಾನು ಮಾತ್ರ ತಿನ್ನುವುದಿಲ್ಲ. 21 ದಿನ ಅರೆಹೊಟ್ಟೆಯಲ್ಲಿದ್ದ ಜೀವ ಅದು.

ಮರಿಗಳ ಬೆಚ್ಚನೆಯ ವ್ಯವಸ್ಥೆಯನ್ನೂ ಅದೇ ನೋಡಿಕೊಳ್ಳುತ್ತದೆ. ನಾನು ನೋಡಿಕೊಂಡದ್ದು ನೆಲ ಒಣಗಿರುವುದನ್ನು. ಒದ್ದೆ ಹಾಸಿನಲ್ಲಿ ರಕ್ತಭೇದಿ ಬೇಗ ಹಬ್ಬುತ್ತದೆ. ಮೂರನೇ ವಾರದಿಂದ ಪ್ರತಿ ಬೆಳಿಗ್ಗೆ ಹಿಕ್ಕೆ ನೋಡುತ್ತಿದ್ದೆ. ಅದರಲ್ಲಿ ಕೆಂಪು ಕಂಡರೆ, ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದರೆ, ಒಂದು ದಿನವೂ ಕಾಯದೆ ಪಶುವೈದ್ಯರನ್ನು ಕೇಳಬೇಕು. ಕೋಳಿಗಳಲ್ಲಿ ಬೇಗ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು ಮೊದಲ ವಾರದಲ್ಲೇ ಅವರಿಂದ ಹಾಕಿಸಿದ್ದೆ.

ಮೊದಲ ಹತ್ತು ದಿನ ಬಲೆ ಹೊದಿಸಿದ ಜಾಗದಲ್ಲೇ ಇಟ್ಟೆ. ಹೊರಗೆ ಬಿಟ್ಟ ಎರಡನೇ ದಿನ ಕಾಗೆ ಒಂದನ್ನು ಎತ್ತಿಕೊಂಡು ಹೋಯಿತು. ಆಮೇಲೆ ನಾನು ಹತ್ತಿರ ಇದ್ದಾಗ ಮಾತ್ರ ಬಿಡುತ್ತಿದ್ದೆ. ಮೇಲೆ ನೆರಳು ಹಾದರೆ ಹೇಟೆ ಒಂದೇ ಒಂದು ಉದ್ದ ದನಿ ಎಳೆಯುತ್ತಿತ್ತು. ಐದೂ ಇದ್ದಲ್ಲೇ ಮಣ್ಣಿನ ಹೆಂಟೆಯಂತೆ ನೆಲಕ್ಕೆ ಅಂಟಿಬಿಡುತ್ತಿದ್ದವು. ಅದು ಮತ್ತೆ ಕೊಕ್ ಎನ್ನುವವರೆಗೆ ಒಂದೂ ಅಲುಗುತ್ತಿರಲಿಲ್ಲ.

ಏಳನೇ ವಾರದಲ್ಲಿ ಒಂದು ಸಂಜೆ ಹೇಟೆ ಹತ್ತಿರ ಬಂದ ಮರಿಯನ್ನು ಕುಕ್ಕಿ ದೂರ ಮಾಡಿತು. ಎದೆಯ ಮೇಲೆ ಹೊಸ ಪುಕ್ಕ ಬಂದಿತ್ತು. ಕತ್ತಲಾಗುತ್ತಿದ್ದ ಹಾಗೆ ಹಳೆಯ ಗೆಳತಿಯರ ಜೊತೆ ಅಟ್ಟಣೆ ಹತ್ತಿತು. ಮರಿಗಳು ಕೆಳಗೆ ನಿಂತು ಬಹಳ ಹೊತ್ತು ಕೂಗಿದವು, ಆಮೇಲೆ ಐದೂ ಹಳೆಯ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿದವು. ಮಾರನೇ ದಿನ ಅವುಗಳ ಎತ್ತರಕ್ಕೆ ತಕ್ಕ ಹಾಗೆ ಒಂದು ತಗ್ಗಿನ ಕೋಲು ಕಟ್ಟಿದೆ. ನಾಲ್ಕನೇ ರಾತ್ರಿ ನೋಡಿದರೆ ನಾಲ್ಕು ಅದರ ಮೇಲಿದ್ದವು. ಐದನೆಯದು ಹೇಗೋ ಹತ್ತಿ, ಮೇಲಿನ ಅಟ್ಟಣೆಯಲ್ಲಿ ತಾಯಿಯ ಪಕ್ಕದಲ್ಲೇ ಕೂತಿತ್ತು.