ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸುವುದು ಹೇಗೆ? ಗಡಿನಾಡಿನ ಅಂಗಡಿ, ಸೊಸೈಟಿಗಳಿಗೆ ಒಂದು ದಾರಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆ ಅಡಿಕೆ ಅಂಗಡಿಯೋ ಹಾರ್ಡ್‌ವೇರ್ ಅಂಗಡಿಯೋ ಸಣ್ಣ ಸೊಸೈಟಿಯೋ ಇದ್ದರೆ, ಲೆಕ್ಕದ ಸಾಫ್ಟ್‌ವೇರ್ ಒಮ್ಮೆ ಹಾಕಿಸಿದ್ದೇ ಹಾಕಿಸಿದ್ದು. ಕಂಪ್ಯೂಟರ್ ಕೆಟ್ಟು ನಿಲ್ಲುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. "ಕೆಲಸ ನಡೀತಾ ಇದೆಯಲ್ವಾ, ಸುಮ್ನೆ ಯಾಕೆ ಖರ್ಚು?" ಅಂತಾರೆ. ನಡೆಯುತ್ತಿದೆ, ನಿಜ. ಆದರೆ ಸಾಫ್ಟ್‌ವೇರ್ ಮಾಡದ ಕೆಲಸವನ್ನು ನಿಮ್ಮ ಗುಮಾಸ್ತರು ಸಂಜೆ ಏಳರ ತನಕ ಕೂತು ಕೈಯಲ್ಲಿ ಮಾಡುತ್ತಿದ್ದಾರೆ. ಅದರ ಸಂಬಳವೂ ನಿಮ್ಮದೇ, ತಪ್ಪಾದರೆ ದಂಡವೂ ನಿಮ್ಮದೇ.

ಹೊರಗಿನ ನಿಯಮಗಳಂತೂ ನಿಂತಲ್ಲಿ ನಿಂತಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ದಾಟಿದ ವ್ಯವಹಾರಕ್ಕೆ ಇ-ಇನ್‌ವಾಯ್ಸ್ (ಸರಕಾರದ ಪೋರ್ಟಲಿನಲ್ಲಿ ದಾಖಲಾಗುವ ಬಿಲ್ಲು) ಕಡ್ಡಾಯವಾಯಿತು. 2025ರ ಸೆಪ್ಟೆಂಬರ್ 22ಕ್ಕೆ ತೆರಿಗೆ ದರಗಳೇ ಬದಲಾಗಿ, ಸಿಮೆಂಟಿಗೆ ಶೇ. 28 ಇದ್ದದ್ದು ಶೇ. 18ಕ್ಕೆ ಇಳಿಯಿತು. ಹಳೆ ಸಾಫ್ಟ್‌ವೇರಿನಲ್ಲಿ ಒಂದೊಂದೇ ಐಟಂ ತೆರೆದು ದರ ತಿದ್ದಿದವರಿಗೆ ಆ ವಾರ ಹೇಗಿತ್ತು ಅಂತ ಗೊತ್ತಿದೆ. ಹೊಸ ಸಾಫ್ಟ್‌ವೇರ್‌ಗಳಲ್ಲಿ ಯಾವ ತಾರೀಕಿನಿಂದ ಯಾವ ದರ ಅಂತ ಒಂದು ಗುಂಪಿಗೆ ಒಮ್ಮೆ ಹಾಕಿದರೆ ಸಾಕು, ಹಳೆ ಬಿಲ್ಲುಗಳು ಹಳೆ ದರದಲ್ಲೇ ಉಳಿಯುತ್ತವೆ.

ನಮ್ಮ ಗಡಿಯ ವ್ಯಾಪಾರಕ್ಕೆ ಇನ್ನೂ ಒಂದು ತಲೆನೋವು. ಅದೇ ಅಂಗಡಿಯಿಂದ ಕಾಸರಗೋಡು ಪೇಟೆಗೆ ಮಾಲು ಹೋದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ಕೇಂದ್ರದ ಪಾಲು, ರಾಜ್ಯದ ಪಾಲು), ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೆ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ತೆರಿಗೆ. ಗಿರಾಕಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ 32 ಇದ್ದರೆ ಕೇರಳ, 29 ಇದ್ದರೆ ಕರ್ನಾಟಕ. ಮಾಲು ಎಲ್ಲಿಗೆ, ಗಿರಾಕಿ ಯಾವ ರಾಜ್ಯದವರು ಅಂತ ಒಮ್ಮೆ ಸರಿಯಾಗಿ ತುಂಬಿಸಿಟ್ಟರೆ ಯಾವ ತೆರಿಗೆ ಅನ್ನುವುದನ್ನು ಒಳ್ಳೆಯ ಸಾಫ್ಟ್‌ವೇರ್ ತಾನೇ ಆರಿಸುತ್ತದೆ. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆ) ಕೂಡ ಅದೇ ಬಿಲ್ಲಿನಿಂದ ಹೊರಡುತ್ತದೆ. ಇಲ್ಲದಿದ್ದರೆ ಲಾರಿ ಲೋಡಾಗಿ ಡ್ರೈವರ್ ಹಾರ್ನ್ ಹೊಡೆಯುತ್ತಿರುವಾಗ ಗುಮಾಸ್ತರು ಪೋರ್ಟಲ್ ತೆರೆದು ಎಲ್ಲವನ್ನೂ ಎರಡನೇ ಸಲ ಟೈಪ್ ಮಾಡಬೇಕು. ಒಂದು ಅಂಕಿ ತಪ್ಪಿತೋ, ಲಾರಿ ದಾರಿಯಲ್ಲಿ ನಿಲ್ಲಬಹುದು.

ಮೊದಲು ಒಂದು ನೋಟ್‌ಬುಕ್ ಇಡಿ

ಸಾಫ್ಟ್‌ವೇರ್ ಮಾರುವವರನ್ನು ಕರೆಯುವ ಮೊದಲು ಒಂದು ವಾರ ಕೌಂಟರಿನಲ್ಲಿ ನೋಟ್‌ಬುಕ್ ಇಡಿ. ಒಂದೇ ವಿಷಯವನ್ನು ಎರಡು ಸಲ ಎಲ್ಲಿ ಬರೆಯುತ್ತೀರಿ ಅಂತ ಗುರುತು ಹಾಕಿ. ತೂಕದ ಚೀಟಿಯಿಂದ ಬಿಲ್ಲಿಗೆ, ಬಿಲ್ಲಿನಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಆಡಿಟರ್‌ಗೆ ವಾಟ್ಸಾಪ್, ಹೀಗೆ. ಈ ಪಟ್ಟಿಯೇ ನಿಮ್ಮ ಬೇಡಿಕೆ. ಡೆಮೊ ಕೊಡಲು ಬಂದವರಿಗೆ ಬಣ್ಣಬಣ್ಣದ ರಿಪೋರ್ಟ್ ತೋರಿಸಲು ಬಿಡಬೇಡಿ, ನಿಮ್ಮ ಪಟ್ಟಿಯಲ್ಲಿ ಇರುವುದನ್ನು ಎದುರಿಗೇ ಮಾಡಿ ತೋರಿಸಲು ಹೇಳಿ.

ಗೇರುಬೀಜ ಕೊಳ್ಳುವವರು ಒಂದು ಪ್ರಶ್ನೆ ತಪ್ಪದೆ ಕೇಳಿ. ಸಿಪ್ಪೆ ತೆಗೆಯದ ಗೇರುಬೀಜವನ್ನು ನೋಂದಾಯಿತ ವ್ಯಾಪಾರಿ ಕೃಷಿಕರಿಂದ ಕೊಂಡರೆ ರಿವರ್ಸ್ ಚಾರ್ಜ್, ಅಂದರೆ ತೆರಿಗೆ ಕಟ್ಟುವ ಹೊಣೆ ಕೊಂಡವರದು. ಅಡಿಕೆಗೆ ಹಾಗಿಲ್ಲ. ಎರಡನ್ನೂ ಒಂದೇ ದಿನ ಒಬ್ಬರೇ ಕೃಷಿಕರಿಂದ ಕೊಂಡಾಗ ಸಾಫ್ಟ್‌ವೇರ್ ಹೇಗೆ ಬರೆದುಕೊಳ್ಳುತ್ತದೆ ಅಂತ ನೋಡಿ.

ಹೆಸರುಗಳನ್ನು ಚೊಕ್ಕ ಮಾಡಿ

ಇದೇ ದೊಡ್ಡ ಕೆಲಸ. ಅಪ್‌ಗ್ರೇಡ್ ಮಾಡಿಸಿಯೂ ಏನೂ ಲಾಭ ಕಾಣಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಬಿಟ್ಟದ್ದು ಇದನ್ನೇ. ಹಳೆ ಲೆಕ್ಕ ತೆರೆದು ನೋಡಿ. ಗಣೇಶ ಭಟ್, ಗಣೇಶ್ ಭಟ್ಟ, ಜಿ. ಭಟ್ ಅಂತ ಮೂರು ಖಾತೆ ಇರುತ್ತವೆ, ಮೂರೂ ಒಬ್ಬರದ್ದೇ. ಅಥವಾ ಒಂದೇ ಖಾತೆಯಲ್ಲಿ ಇಬ್ಬರ ಬಾಕಿ ಸೇರಿಕೊಂಡಿರುತ್ತದೆ, ಅದು ಇನ್ನೂ ಕಷ್ಟ. ನಮ್ಮಲ್ಲಿ ಮನೆಹೆಸರು ಇರುವುದು ಎಷ್ಟು ಅನುಕೂಲ ನೋಡಿ. ಹೆಸರು, ಮನೆಹೆಸರು, ಮೊಬೈಲ್ ನಂಬರ್, ಈ ಮೂರನ್ನೂ ಪ್ರತಿ ಖಾತೆಗೆ ಹಾಕಿದರೆ ಗೊಂದಲ ಮುಕ್ಕಾಲು ಪಾಲು ಮುಗಿಯುತ್ತದೆ.

ಮಾಲಿನ ಹೆಸರೂ ಹಾಗೆಯೇ. ಅಡಿಕೆ ಅಂತ ಒಂದೇ ಐಟಂ ಇಟ್ಟುಕೊಂಡು ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಎಲ್ಲವನ್ನೂ ಅದರಲ್ಲೇ ತುಂಬಿಸಿದ್ದರೆ ಗೋದಾಮಿನಲ್ಲಿ ಯಾವುದು ಎಷ್ಟು ಇದೆ ಅಂತ ಯಾವ ಸಾಫ್ಟ್‌ವೇರೂ ಹೇಳಲಾರದು. ಒಟ್ಟು ಕಿಲೋ ಸರಿ ಬರುತ್ತದೆ, ಆದರೆ ಕರಿಗೋಟಿನ ರೇಟೂ ಹಳತರ ರೇಟೂ ಸೇರಿ ಸರಾಸರಿಯಾಗಿ ಲಾಭವೆಲ್ಲಿ, ನಷ್ಟವೆಲ್ಲಿ ಅನ್ನುವುದೇ ಕಾಣದು. ಜಾತಿ ಜಾತಿಗೆ ಬೇರೆ ಐಟಂ ಮಾಡಿ, ಹೊಸದಕ್ಕೆ ಬದಲಿಸುವ ಹಿಂದಿನ ಸಂಜೆ ಗೋದಾಮಿನಲ್ಲಿ ತೂಗಿ ಓಪನಿಂಗ್ ಸ್ಟಾಕ್ (ಶುರುವಿನ ದಾಸ್ತಾನು) ಹಾಕಿ.

ಅಕ್ಷರದ ತೊಂದರೆ

ಸೊಸೈಟಿಗಳಲ್ಲಿ ಸದಸ್ಯರ ಪಟ್ಟಿ, ನೋಟಿಸುಗಳು ಹಳೆ ನುಡಿ ಅಥವಾ ಬರಹ ಫಾಂಟಿನಲ್ಲಿ ಇರುವುದು ಸಾಮಾನ್ಯ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಆ ಅಕ್ಷರ ಹೊಸ ಸಾಫ್ಟ್‌ವೇರಿಗೆ ಹೋದರೆ ಗೋಜಲು ಗೋಜಲಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿದೆಯೇ ಅಂತ ಕಣ್ಣಲ್ಲೇ ನೋಡಿ. ಲಾಭ ಏನೆಂದರೆ ಕನ್ನಡ, ಮಲಯಾಳ ಎರಡೂ ಒಂದೇ ಪುಟದಲ್ಲಿ ಫಾಂಟ್ ಬದಲಿಸದೆ ಕೂರುತ್ತವೆ. ಕನ್ನಡ ಸದಸ್ಯರಿಗೆ ಕನ್ನಡದಲ್ಲೇ ರಸೀದಿ, ಕನ್ನಡದಲ್ಲೇ ಎಸ್‌ಎಂಎಸ್ ಕೊಡಬಹುದು. ಇಲ್ಲಿ ಕನ್ನಡದಲ್ಲಿ ಒಂದು ಕಾಗದ ಕೈಗೆ ಸಿಗುವುದು ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಒಂದು ನೆನಪಿಡಿ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ವಾಕ್ಯ ಚಿಕ್ಕದಿರಲಿ.

ಬ್ಯಾಕಪ್, ಆಮೇಲೆ ಪ್ರಯೋಗ

ಪೂರ್ತಿ ಡೇಟಾದ ಎರಡು ನಕಲು ಮಾಡಿ. ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಮನೆಯಲ್ಲಿರಲಿ, ಇನ್ನೊಂದು ಕ್ಲೌಡ್‌ನಲ್ಲಿ. ಮಳೆಗಾಲದ ಸಿಡಿಲಿಗೆ ಅಂಗಡಿಯ ಕಂಪ್ಯೂಟರೂ ಅದರ ಪಕ್ಕದ ಹಾರ್ಡ್‌ಡಿಸ್ಕೂ ಒಟ್ಟಿಗೇ ಹೋಗುತ್ತವೆ. ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್‌ಗಳಲ್ಲಿ ಡೇಟಾ ಒಮ್ಮೆ ಹೊಸ ಆವೃತ್ತಿಗೆ ಹೋದರೆ ಹಳೆಯದರಲ್ಲಿ ಅದು ಮತ್ತೆ ತೆರೆಯುವುದಿಲ್ಲ, ಆದ್ದರಿಂದ ಪ್ರಯೋಗ ನಡೆಯಬೇಕಾದದ್ದು ನಕಲಿನ ಮೇಲೆ. ಕಂಪ್ಯೂಟರನ್ನೂ ನೋಡಿಕೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಂತರ ಕಳೆದ ಒಂದು ತಿಂಗಳ ಬಿಲ್ಲುಗಳನ್ನು ಹೊಸದರಲ್ಲಿ ಹಾಕಿ. ನಗದು ಶಿಲ್ಕು, ಪ್ರತಿ ಖಾತೆಯ ಬಾಕಿ, ಸ್ಟಾಕು, ಆ ತಿಂಗಳ ತೆರಿಗೆ, ನಾಲ್ಕೂ ಹಳೆಯದರೊಂದಿಗೆ ತಾಳೆಯಾಗಬೇಕು. ಹತ್ತು ರೂಪಾಯಿ ವ್ಯತ್ಯಾಸ ಇದ್ದರೂ ಬಿಡಬೇಡಿ. ಹತ್ತರ ಹಿಂದೆ ಸಾವಿರದ ಎರಡು ತಪ್ಪು ಅಡಗಿರಬಹುದು.

ಯಾವಾಗ ಬದಲಿಸಬೇಕು?

ಏಪ್ರಿಲ್ 1 ಒಳ್ಳೆಯ ದಿನ. ಹೊಸ ಆರ್ಥಿಕ ವರ್ಷ, ಬಿಲ್ ನಂಬರ್ ಹೊಸ ಸರಣಿಯಲ್ಲಿ ಶುರು ಮಾಡಬಹುದು. ಅದು ತಪ್ಪಿದರೆ ಯಾವುದಾದರೂ ತಿಂಗಳ ಮೊದಲ ದಿನ, ವ್ಯಾಪಾರ ತಣ್ಣಗಿರುವಾಗ. ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರದ ರಿಟರ್ನ್) ತಿಂಗಳ 11, ಜಿಎಸ್‌ಟಿಆರ್-3ಬಿಗೆ (ತೆರಿಗೆ ಕಟ್ಟುವ ರಿಟರ್ನ್) 20 ಕೊನೆಯ ದಿನ ಇರುವವರು ಆ ದಿನಗಳ ಹತ್ತಿರ ಕೈ ಹಾಕಲೇಬೇಡಿ.

ಗುಮಾಸ್ತರ ಜೊತೆ ಕೂರಿ

ಮೊದಲ ಹದಿನೈದು ದಿನ "ಅಣ್ಣಾ, ಹಳೇದೇ ಒಳ್ಳೇದಿತ್ತು" ಅಂತ ಹೇಳಿಯೇ ಹೇಳುತ್ತಾರೆ. ಅದನ್ನು ದೂರು ಅಂದುಕೊಳ್ಳಬೇಡಿ, ಏನು ಕಷ್ಟವಾಯಿತು ಅಂತ ಕೇಳಿ ಬರೆದಿಡಿ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಡಿ. ಬಿಲ್ ಬರೆಯುವವರಿಗೆ ಬಿಲ್ ಅಳಿಸುವ ಅಧಿಕಾರ ಬೇಡ. ಕೃಷಿಕರ ಉತ್ಪಾದಕ ಕಂಪನಿ ಅಥವಾ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2023ರ ಏಪ್ರಿಲ್ 1ರಿಂದ ಯಾರು, ಯಾವಾಗ, ಏನು ತಿದ್ದಿದರು ಅನ್ನುವ ದಾಖಲೆ ಉಳಿಸುವ ಸಾಫ್ಟ್‌ವೇರೇ ಇರಬೇಕು, ಆ ದಾಖಲೆಯನ್ನು ಆಫ್ ಮಾಡುವಂತೆಯೂ ಇಲ್ಲ. ಕಂಪನಿ ಅಲ್ಲದಿದ್ದರೂ ಇಟ್ಟುಕೊಳ್ಳಿ. ಲೆಕ್ಕ ತಪ್ಪಿದಾಗ ಸುಮ್ನೆ ಒಬ್ಬರ ಮೇಲೆ ಅನುಮಾನ ಪಡುವುದು ತಪ್ಪುತ್ತದೆ.

ಕೊನೆಗೆ ಕಾಗದಪತ್ರ. ಲೈಸೆನ್ಸ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ, ಹಾಕಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಬೇಡ. ಮುಂದೆ ಬೇಡವೆಂದರೆ ಡೇಟಾ ಪೂರ್ತಿ ಎಕ್ಸೆಲ್‌ಗೆ ಹೊರತೆಗೆಯಬಹುದೇ, ವಾರ್ಷಿಕ ಶುಲ್ಕ ಎಷ್ಟು, ಕರೆದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದನ್ನು ಬರೆಸಿಕೊಳ್ಳಿ. ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅದರ ಲೆಕ್ಕ ಓದಲು ಬರುವ ಹಾಗೆ ಬೇರೆಡೆ ಇದೆಯೇ ನೋಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳ ತನಕ ಅದನ್ನು ಇಟ್ಟುಕೊಳ್ಳಲೇಬೇಕು.