ನೀಲಗಿರಿ ರೈಲಿನಲ್ಲಿ ಹಿಂದಿನ ಬೋಗಿಯೇ ಬೇಕು ಅಂದೆವು

ನೀಲಗಿರಿ ಬೆಟ್ಟದ ರೈಲಿಗೆ ಹೋದವರೆಲ್ಲ ಮುಂದಿನ ಬೋಗಿಗೆ ಆಸೆಪಡುತ್ತಾರೆ. ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಮೇಲೇರುವಾಗ ಇಂಜಿನ್ ಹಿಂದಿನಿಂದ ತಳ್ಳುತ್ತದೆ. ಹಾಗಾಗಿ ಮುಂದೆ ಕೂತವರ ಕಣ್ಣಿಗೆ ಏನೂ ಅಡ್ಡವಿಲ್ಲ, ಬರೀ ಹಳಿ, ಕಾಡು, ಕಣಿವೆ. ನಾವು ಆರು ಜನ ಮಾತ್ರ ಕೊನೆಯ ಬೋಗಿ ಹುಡುಕಿದೆವು. ನಮ್ಮ ಸೀಟುಗಳು ನಡುವಿನ ಬೋಗಿಯಲ್ಲಿದ್ದವು. ಹಿಂದಿದ್ದ ಒಂದು ಕುಟುಂಬವನ್ನು ಕೇಳಿದೆವು, ಹೊಗೆ ತಪ್ಪಿತು ಅಂತ ಅವರು ನಗುತ್ತಲೇ ಬದಲಾಯಿಸಿಕೊಂಡರು.

ನಮಗೆ ಬೇಕಿದ್ದದ್ದು ಇಂಜಿನ್. ನೋಟ ಆಮೇಲೆ.

ಬೆಳಿಗ್ಗೆ 7:10ಕ್ಕೆ ರೈಲು. ಹಿಂದಿನ ಸಂಜೆಯೇ ಊರು ಸೇರಿದ್ದೆವು. ಆರೂವರೆಗೆಲ್ಲ ಪ್ಲಾಟ್‌ಫಾರಂ ಮೇಲಿದ್ದೆವು. ಇದನ್ನು ಯಾರೂ ತಪ್ಪಿಸಬಾರದು, ಏಕೆಂದರೆ ಇಂಜಿನ್ ಬಂದು ಬೋಗಿಗೆ ಸೇರುವುದನ್ನು ನಿಧಾನವಾಗಿ ನೋಡಲು ಸಿಗುವುದು ಆಗಲೇ. ಜೊತೆಗೆ ನನ್ನ ಚಿಕ್ಕಪ್ಪ ಇದ್ದರು. ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟರ್ ಆಗಿ ರಿಟೈರ್ ಆದವರು. ಮೀಟರ್ ಗೇಜ್ ಕಾಲದ ಹಬೆ ಇಂಜಿನ್‌ಗಳನ್ನು ಕೈಯಾರೆ ಬಿಚ್ಚಿ ಜೋಡಿಸಿದವರು. ಆದರೆ ಬೆಟ್ಟದ ಇಂಜಿನ್ ನೋಡಿರಲಿಲ್ಲ.

ಬಗ್ಗಿ ನೋಡಿದವರೇ ಕರೆದರು. "ಏಯ್, ಇಲ್ಲಿ ಬಾ. ಕೆಳಗಿನ ರಾಡ್ ಓಡ್ತಿದೆ, ಮೇಲಿನದು ಸುಮ್ನೆ ನಿಂತಿದೆ. ಕೆಟ್ಟಿದೆಯೇನೋ ನೋಡು."

ಕೆಟ್ಟಿರಲಿಲ್ಲ. ಇಲ್ಲಿ ಓಡುವ ಎಕ್ಸ್ ಕ್ಲಾಸ್ ಇಂಜಿನ್‌ಗೆ ನಾಲ್ಕು ಸಿಲಿಂಡರ್, ಅಂದರೆ ಹಬೆಯ ಒತ್ತಡದಿಂದ ರಾಡ್ ಓಡಿಸುವ ಉರುಳೆಗಳು. ಕೆಳಗಿನ ಜೋಡಿ ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತದೆ. ಮೇಲಿನ ಜೋಡಿ ಹಲ್ಲುಚಕ್ರಕ್ಕೆ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುವ ಕಡೆ ಮಾತ್ರ ಅದಕ್ಕೆ ಕೆಲಸ. ಅಲ್ಲಿ ಕೆಳಗಿನ ಸಿಲಿಂಡರ್‌ನಲ್ಲಿ ದುಡಿದ ಹಬೆ ಆಕಾಶಕ್ಕೆ ಹೋಗುವ ಬದಲು ಮೇಲಿನ ಸಿಲಿಂಡರ್‌ಗೆ ಹೋಗಿ ಇನ್ನೊಂದು ಸಲ ದುಡಿಯುತ್ತದೆ. ನಾನು ಇದನ್ನೆಲ್ಲ ಓದಿಕೊಂಡು ಹೋಗಿದ್ದೆ, ಹೇಳಿದೆ. ಚಿಕ್ಕಪ್ಪ "ಹೌದಾ" ಅಂದರು. ನಂಬಲಿಲ್ಲ ಅನ್ನುವುದು ಮುಖದಲ್ಲೇ ಇತ್ತು.

ಮೊದಲ ಏಳೆಂಟು ಕಿಲೋಮೀಟರ್ ಸಮತಟ್ಟು, ಅಡಿಕೆ ತೋಟಗಳು. ಕಲ್ಲಾರ್ ಬಂತು. ಅಲ್ಲಿಂದ ಕೂನೂರಿನವರೆಗೆ ಹಲ್ಲಿನ ಹಳಿ. ಏರು ಎಷ್ಟೆಂದರೆ ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಬರೀ ಚಕ್ರದ ಹಿಡಿತ ನಂಬಿಕೊಂಡು ರೈಲು ಹತ್ತುವ ಜಾಗವೇ ಅಲ್ಲ ಅದು.

ನನ್ನ ಹತ್ತಿರ ಒಂದು ಪುಟ್ಟ ರೆಕಾರ್ಡರ್ ಇತ್ತು. ಹಿಂದೊಮ್ಮೆ ಬೇರೆ ರೈಲಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಈ ಸಲ ಮೈಕಿಗೆ ಒಂದು ಉಣ್ಣೆಯ ಕಾಲುಚೀಲ ತೊಡಿಸಿದೆ (ಒಗೆದದ್ದೇ). ಕಿಟಕಿಯ ಹೊರಗೆ ಹಿಡಿಯದೆ ಒಳಗಡೆ, ಸರಳಿಗೆ ತಾಗದಂತೆ ಇಟ್ಟೆ. ತಾಗಿದರೆ ಬೋಗಿಯ ನಡುಕವೆಲ್ಲ ಅದರಲ್ಲೇ ಸೇರುತ್ತದೆ. ಖರ್ಚಿಲ್ಲದ ಉಪಾಯ, ಚೆನ್ನಾಗಿ ಕೆಲಸ ಮಾಡಿತು. ಟ್ರೈಪಾಡ್ ಹೊತ್ತು ತಂದ ಗೆಳೆಯನಿಗೆ ಮಾತ್ರ ಅದನ್ನು ಬಿಡಿಸಲೂ ಜಾಗ ಸಿಗಲಿಲ್ಲ.

ಕಲ್ಲಾರ್ ದಾಟಿ ರೈಲು ನಡಿಗೆಯ ವೇಗಕ್ಕೆ ಇಳಿಯಿತು. ಹಲ್ಲಿಗೆ ಹಲ್ಲು ಕೂರಬೇಕಲ್ಲ, ಆತುರಪಟ್ಟರೆ ಮುರಿಯುತ್ತದೆ. ಅಡಿಯಲ್ಲಿ ಒಂದು ಗರಗರ. ಸಣ್ಣ ಜಗ್ಗು. ಆಮೇಲೆ ಇಂಜಿನ್ ಉಸಿರೇ ಬೇರೆಯಾಯಿತು. ತಿರುವು ಬಂದಾಗ ಚಿಕ್ಕಪ್ಪ ಕಿಟಕಿಯಿಂದ ಇಣುಕಿದರು. ಮೇಲಿನ ರಾಡ್ ತಿರುಗುತ್ತಿತ್ತು. ಅದೂ ಕೆಳಗಿನದಕ್ಕಿಂತ ಜೋರಾಗಿ, ಉಲ್ಟಾ ದಿಕ್ಕಿನಲ್ಲಿ! ನಡುವೆ ಗೇರ್ ಇರುವುದರಿಂದ ಹಾಗೆ. ಅವರು ಮತ್ತೆ ಸೀಟಿಗೆ ಕೂತದ್ದು ಹಿಲ್‌ಗ್ರೋವ್‌ನಲ್ಲಿ, ಅದೂ ಕೋತಿಗಳಿಂದ ತಿಂಡಿ ಚೀಲ ಕಾಯಲು.

ಇಂಜಿನ್ ನೀರು ಕುಡಿಯಲು ನಿಂತಾಗಲೆಲ್ಲ ಇಳಿದೆವು. ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ಮನ್ ಇರುತ್ತಾರೆ. ಡ್ರೈವರ್ ಹಿಂದಿರುವುದರಿಂದ ಮುಂದಿನ ದಾರಿ ಅವರಿಗೆ ಕಾಣುವುದಿಲ್ಲ. ಮುಂದಿನ ಬೋಗಿಯ ಬ್ರೇಕ್‌ಮನ್ ಬಾವುಟ ತೋರಿಸಿದರೇ ದಾರಿ. ನಿಂತಲ್ಲೆಲ್ಲ ಜನ ಇಂಜಿನ್ ಮುಂದೆ ಸೆಲ್ಫಿ ತೆಗೆಯುತ್ತಿದ್ದರು, ಚಿಕ್ಕಪ್ಪ ಒಬ್ಬ ಬ್ರೇಕ್‌ಮನ್ ಹತ್ತಿರ ಅರ್ಧ ತಮಿಳು, ಅರ್ಧ ಕೈಸನ್ನೆಯಲ್ಲಿ ಬ್ರೇಕ್ ವಿಚಾರ ಕೇಳುತ್ತಿದ್ದರು. ಹಳೆಯ ಇಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದವು, ಇತ್ತೀಚಿನವು ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪ್‌ನವು. ಇದನ್ನು ಕೇಳಿ ಚಿಕ್ಕಪ್ಪನಿಗೆ ಆದ ಖುಷಿ ನೋಡಬೇಕಿತ್ತು. "ನಮ್ಮವರು ಹಬೆ ಇಂಜಿನ್ ಹೊಸದಾಗಿ ಮಾಡಿದ್ದಾರಾ?" ಅಂತ ಎರಡು ಸಲ ಕೇಳಿದರು.

1899ರಲ್ಲಿ ಈ ರೈಲು ಓಡಿದ್ದು ಕೂನೂರಿನ ತನಕ ಮಾತ್ರ. ಊಟಿ ಮುಟ್ಟಿದ್ದು 1908ರಲ್ಲಿ. ನಮ್ಮಂಥ ಹಬೆ ಇಂಜಿನ್ ಹುಚ್ಚಿನವರಿಗೆ ಪ್ರಯಾಣವೂ ಒಂದು ರೀತಿ ಕೂನೂರಿಗೇ ಮುಗಿಯುತ್ತದೆ. ಅಲ್ಲಿ ಹಬೆ ಇಂಜಿನ್ ಬಿಚ್ಚಿ ಡೀಸೆಲ್ ಹಾಕುತ್ತಾರೆ. ಸುಳ್ಳು ಹೇಳಲ್ಲ, ನಂತರದ ದಾರಿಯಲ್ಲಿ ನಾನು ಅರ್ಧ ನಿದ್ದೆ ಮಾಡಿದೆ. ಕೇತಿಯಲ್ಲಿ ಎಚ್ಚರವಾದಾಗ ಪಕ್ಕದ ಅಜ್ಜಿಯರಿಬ್ಬರು ಬಡಗ ಮಾತಾಡುತ್ತಿದ್ದರು, ಕನ್ನಡಕ್ಕೆ ಹತ್ತಿರದ ನೀಲಗಿರಿಯ ಭಾಷೆ ಅದು. ಅಲ್ಲೊಂದು ಇಲ್ಲೊಂದು ಮಾತು ನಮ್ಮದೇ ಅನ್ನಿಸಿ, ಕನಸಿನಲ್ಲಿ ಕನ್ನಡ ಕೇಳಿದ ಹಾಗಾಯಿತು. 46 ಕಿಲೋಮೀಟರ್ ಮುಗಿಸಿ ಊಟಿಯಲ್ಲಿ ಇಳಿಯುವಾಗ ಮಧ್ಯಾಹ್ನ.

ರಾತ್ರಿ ರೂಮಿನಲ್ಲಿ ರೆಕಾರ್ಡಿಂಗ್ ಹಾಕಿದೆ. ಗಾಳಿ ಇಲ್ಲ, ಹಲ್ಲು ಕೂರುವ ಗರಗರ ಸ್ಪಷ್ಟವಾಗಿ ಬಂದಿದೆ. ಸರಿಯಾಗಿ ಅದರ ಮೇಲೆಯೇ ಚಿಕ್ಕಪ್ಪನ ದನಿ, "ಲೋ, ತಿರುಗ್ತು ಕಣೋ!" ಕತ್ತರಿಸಿ ಹಾಕು ಅಂದರು. ನಾನು ಹಾಗೇ ಬಿಟ್ಟಿದ್ದೇನೆ.