ಝೆನ್‌ಗೆ ಎಸ್ಟೀಮ್ ಎಂಜಿನ್ ಕೂರಿಸಿದ ನನ್ನ ಅನುಭವ

ಆಟೋಕ್ರಾಸ್‌ಗೆ ಕಾರು ರೆಡಿ ಮಾಡಲು ಹೊರಟವರೆಲ್ಲ ಮೊದಲು ಕೇಳುವುದು, ಎಷ್ಟು ಬಿಎಚ್‌ಪಿ (ಎಂಜಿನ್ ಶಕ್ತಿಯ ಅಳತೆ) ಬರುತ್ತದೆ ಅಂತ. ನಾನು ಮಾರುತಿ ಝೆನ್‌ಗೆ ಅದೇ ಕಂಪನಿಯ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಹಾಕಿದ್ದು ಬಿಎಚ್‌ಪಿ ಲೆಕ್ಕ ನೋಡಿ ಅಲ್ಲ. ಹೇರ್‌ಪಿನ್ ತಿರುವಿನಿಂದ ಸೆಕೆಂಡ್ ಗೇರ್‌ನಲ್ಲೇ ಕಾರು ಎದ್ದು ಹೊರಡಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ನಮ್ಮ ಕಡೆಯ ಆಟೋಕ್ರಾಸ್ ನೋಡಿದವರಿಗೆ ಇದು ಗೊತ್ತಿರುತ್ತದೆ. ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್, ಕೆಂಪು ಧೂಳು, ಗಡಿಯಾರದ ಜೊತೆ ಓಟ. ಮೂರನೇ ಗೇರ್ ದಾಟುವ ಜಾಗ ಸಿಗುವುದೇ ಅಪರೂಪ. ಝೆನ್‌ನ 993 ಸಿಸಿ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಖುಷಿಯಾಗಿ ಓಡುತ್ತದೆ. ಆದರೆ ಬಿಗಿ ತಿರುವಿನಲ್ಲಿ ಆರ್‌ಪಿಎಂ ಬಿದ್ದರೆ ಮತ್ತೆ ಏರುವವರೆಗೆ ಕಾಯಬೇಕು. ಫಸ್ಟ್ ಗೇರ್‌ಗೆ ಇಳಿಸೋಣ ಎಂದರೆ ಅದರಲ್ಲೇ ಸಮಯ ಹೋಗುತ್ತದೆ, ಗೇರ್‌ಬಾಕ್ಸೂ ಹಾಳು. ಸಿಸಿ ಜಾಸ್ತಿಯಾದರೆ ಈ ಕಾಯುವಿಕೆ ತಪ್ಪುತ್ತದೆ.

ಎಸ್ಟೀಮ್ ಎಂಜಿನ್ನೇ ಯಾಕೆ? ಎರಡೂ ಸುಜುಕಿಯ ಜಿ ಸರಣಿಯವು. ಝೆನ್‌ನಲ್ಲಿ ಬೋರ್ (ಸಿಲಿಂಡರಿನ ವ್ಯಾಸ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 61 ಮಿ.ಮೀ. ಎಸ್ಟೀಮ್‌ನಲ್ಲಿ ಬೋರ್ 74, ಸ್ಟ್ರೋಕ್ 75.5, ಒಟ್ಟು 1298 ಸಿಸಿ. ಬೋರ್ ಹೆಚ್ಚುಕಡಿಮೆ ಅಷ್ಟೇ ಇದೆ, ಬೆಳೆದಿರುವುದು ಸ್ಟ್ರೋಕ್. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬೇಕು ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಎರಡೂ ನಾಲ್ಕು ಸಿಲಿಂಡರ್, ಎರಡೂ ಅಡ್ಡಲಾಗಿ ಕೂರುವ ಎಂಜಿನ್, ಎರಡರಲ್ಲೂ ಮುಂದಿನ ಚಕ್ರಕ್ಕೇ ಶಕ್ತಿ. ಝೆನ್ ಮುಕ್ಕಾಲು ಟನ್ ತೂಗುವ ಕಾರು, ಎಸ್ಟೀಮ್ ಅದಕ್ಕಿಂತ ನೂರು ಕೆಜಿ ಮೇಲೆ. ಅದೇ ಎಂಜಿನ್ ಹಗುರ ಕಾರಿಗೆ ಬಂದರೆ ಆಗುವ ವ್ಯತ್ಯಾಸ ಕೂತು ಓಡಿಸಿದವರಿಗೇ ಗೊತ್ತು.

ಕಾರು ಹುಡುಕುವಾಗ ಕಾರ್ಬುರೇಟರ್ ಝೆನ್ ಬೇಡ, ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಝೆನ್ನೇ ಬೇಕು ಎಂದು ಹಟ ಹಿಡಿದೆ. ಹಳೆಯ ಕಾರ್ಬುರೇಟರ್ ಕಾರು ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ನಾನು ಹಾಕುವುದು ಇಂಜೆಕ್ಷನ್ ಎಂಜಿನ್, ಅದಕ್ಕೆ ಒತ್ತಡದ ಪೆಟ್ರೋಲ್ ಬೇಕು. ಅಂದರೆ ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್, ಗಟ್ಟಿ ಪೈಪು, ಫಿಲ್ಟರ್, ರಿಲೇ, ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಎಂಪಿಎಫ್‌ಐ ಝೆನ್‌ನಲ್ಲಿ ಇವೆಲ್ಲ ಕಂಪನಿಯಿಂದಲೇ ಬಂದಿರುತ್ತವೆ. ಮೊದಲು ಕೊಟ್ಟ ಸ್ವಲ್ಪ ಹೆಚ್ಚಿನ ದುಡ್ಡು ಆಮೇಲೆ ಅದರ ದುಪ್ಪಟ್ಟು ಉಳಿಸಿತು.

ಎಂಜಿನ್ ಕೊಳ್ಳುವ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಿಡಿ ಎಂಜಿನ್ ಸಿಗುತ್ತದೆ. ನಾನು ಬಿಡಿ ಎಂಜಿನ್ ತರಲಿಲ್ಲ. ಬಾಡಿ ತುಕ್ಕು ಹಿಡಿದಿದ್ದ, ಆದರೆ ಓಡುತ್ತಿದ್ದ ಒಂದು ಇಡೀ ಎಸ್ಟೀಮ್ ಕೊಂಡೆ. ಓಡುವ ಕಾರಿನಲ್ಲಿ ಎಂಜಿನ್ ಹೇಗಿದೆ ಅಂತ ಕಿವಿಯಿಂದಲೇ ತಿಳಿಯುತ್ತದೆ. ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಒತ್ತಡ ಅಳೆದೆ. ಅಳತೆ ಎಷ್ಟಿದೆ ಅನ್ನುವುದಕ್ಕಿಂತ ನಾಲ್ಕೂ ಸರಿಸುಮಾರು ಒಂದೇ ಇರುವುದು ಮುಖ್ಯ. ಜೊತೆಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಸೆನ್ಸರ್‌ಗಳು, ಥ್ರಾಟಲ್ ಬಾಡಿ, ಏರ್ ಫಿಲ್ಟರ್ ಡಬ್ಬ, ರೇಡಿಯೇಟರ್, ಬ್ರಾಕೆಟ್ಟು, ಬೋಲ್ಟು, ಕ್ಲಿಪ್ಪು, ಎಲ್ಲ ಬಂತು. ಬಿಡಿ ಎಂಜಿನ್ ತಂದವರು ಒಂದೊಂದು ಸೆನ್ಸರ್ ಪ್ಲಗ್ಗಿಗೂ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಸುತ್ತುವುದನ್ನು ನೋಡಿದ್ದೇನೆ. ಇಡೀ ಕಾರು ಕೊಂಡರೆ ಆರ್‌ಸಿ, ಮಾರಾಟದ ಕಾಗದ ಎಲ್ಲ ಕೈಯಲ್ಲಿರುತ್ತದೆ. ಎಂಜಿನ್ ನಂಬರ್ ಎಲ್ಲಿಂದ ಬಂತು ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ಕದ್ದ ಗಾಡಿಯ ಎಂಜಿನ್ ತಿಳಿಯದೆ ತಂದುಕೊಂಡರೆ ಆಮೇಲೆ ಪೊಲೀಸ್ ಠಾಣೆಗೆ ಅಲೆಯಬೇಕಾದವರು ನೀವೇ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಬದಲಾಯಿಸಿದೆ. ಓಡುತ್ತಿತ್ತಲ್ಲ, ಸದ್ಯಕ್ಕೆ ಇರಲಿ ಅನಿಸುವುದು ಸಹಜ. ಸಣ್ಣ ಕಾರಿನ ಒಳಗೆ ಈ ಎಂಜಿನ್ ಕೂತ ಮೇಲೆ ಬೆಲ್ಟಿನ ಕಡೆ ಕೈ ಹೋಗುವುದೂ ಕಷ್ಟ. ಫ್ಲೈವೀಲನ್ನು ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿದೆ, ಅಂದರೆ ಅದರ ಮುಖ ಸಮ ಮಾಡಿಸಿದೆ. ಸಂಪ್ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಬಿಚ್ಚಿ ಒಳಗೆ ತಗಡಿನ ಅಡ್ಡಗೋಡೆ ವೆಲ್ಡ್ ಮಾಡಿಸಿದೆ. ಉದ್ದದ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ವಾಲಿ ಆಯಿಲ್ ಹೀರುವ ಪಿಕ್‌ಅಪ್ ಪೈಪಿಗೆ ಗಾಳಿ ಸಿಕ್ಕಿದರೆ ಬೇರಿಂಗ್ ಸುಡುತ್ತದೆ. ಈ ತಗಡಿಗೆ ಆಗುವ ಖರ್ಚು ಒಂದು ಸೆಟ್ ಬೇರಿಂಗಿನ ಮುಂದೆ ಏನೂ ಅಲ್ಲ.

ಇನ್ನು ಗೇರ್‌ಬಾಕ್ಸ್. ಇಲ್ಲಿ ನನಗೂ ನಮ್ಮ ಮೇಸ್ತ್ರಿಗೂ ದೊಡ್ಡ ಚರ್ಚೆಯೇ ಆಯಿತು. "ಎಸ್ಟೀಮ್ ಗೇರ್‌ಬಾಕ್ಸೇ ಹಾಕೋಣ ಸಾರ್, ಆಕ್ಸಲ್ ಕಟ್ ಮಾಡಿ ಸ್ಲೀವ್ ಹಾಕಿ ವೆಲ್ಡ್ ಹೊಡೆದ್ರೆ ಆಯ್ತು" ಎಂದರು. ಕೈಗುಣ ಇರುವ ಮೇಸ್ತ್ರಿ, ಅವರ ವೆಲ್ಡಿಂಗ್ ನೋಡಲೂ ಚೆಂದ. ಆದರೂ ನಾನು ಒಪ್ಪಲಿಲ್ಲ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲ್ ಅನ್ನುವುದು ಹೀಟ್ ಟ್ರೀಟ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಉಕ್ಕು. ವೆಲ್ಡ್‌ನ ಕಾವು ತಾಗಿದ ಜಾಗದಲ್ಲಿ ಆ ಗಟ್ಟಿತನ ಹೋಗುತ್ತದೆ. ಸ್ಟಾರ್ಟ್ ಲೈನಿನಲ್ಲಿ ಕ್ಲಚ್ ಬಿಟ್ಟಾಗ ತಿರುಚುವ ಬಲವೆಲ್ಲ ಅದೇ ಜಾಗಕ್ಕೆ ಬೀಳುತ್ತದೆ. ತುಂಡಾದ ಆಕ್ಸಲ್ ಸುಮ್ನೆ ನಿಲ್ಲುವುದಿಲ್ಲ, ತಿರುಗುತ್ತಾ ಬ್ರೇಕ್ ಪೈಪಿಗೆ ಬಡಿಯುತ್ತದೆ.

ಅದಕ್ಕೇ ಎಸ್ಟೀಮ್ ಎಂಜಿನ್‌ಗೆ ಝೆನ್‌ನದೇ ಗೇರ್‌ಬಾಕ್ಸ್ ಸೇರಿಸಿದೆ. ಇದರಿಂದ ಒಟ್ಟಿಗೇ ಮೂರು ಸಮಸ್ಯೆ ಬಗೆಹರಿದವು. ಆಕ್ಸಲ್ ಎರಡೂ ಕಂಪನಿಯದೇ ಉಳಿದವು. ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ (ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಆಧಾರ) ಇದ್ದ ಜಾಗದಲ್ಲೇ ಕೂತಿತು. ಸಣ್ಣ ಎಂಜಿನ್‌ಗೆಂದು ಮಾಡಿದ ಗಿಡ್ಡ ಗೇರಿಂಗ್ (ಗರಿಷ್ಠ ವೇಗ ಕಡಿಮೆ, ಎಳೆತ ಜಾಸ್ತಿ) ಹಾಗೇ ಸಿಕ್ಕಿತು. ಆಟೋಕ್ರಾಸ್‌ಗೆ ಬೇಕಿರುವುದೇ ಗಿಡ್ಡ ಗೇರಿಂಗ್ ಅಲ್ವಾ? ಆದರೆ ಕಣ್ಣುಮುಚ್ಚಿ ಜೋಡಿಸಬೇಡಿ. ಖಾಲಿ ಹೌಸಿಂಗನ್ನು ಬ್ಲಾಕಿಗೆ ಹಿಡಿದು ಬೋಲ್ಟಿನ ತೂತು, ಡವೆಲ್ ಪಿನ್ ಎಲ್ಲ ತಾಳೆಯಾಗುತ್ತವಾ ನೋಡಿ. ಕ್ಲಚ್ ಪ್ಲೇಟಿನ ಒಳಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು, ಪ್ರೆಷರ್ ಪ್ಲೇಟ್ ಎಂಜಿನ್ನಿನ ಫ್ಲೈವೀಲಿಗೆ ಹೊಂದಬೇಕು. ಫ್ಲೈವೀಲ್ ಹೌಸಿಂಗಿನ ಒಳಗೆ ಎಲ್ಲೂ ತಾಗದೆ ತಿರುಗಬೇಕು. ಸ್ಟಾರ್ಟರ್ ಮೋಟರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಸರಿಯಾಗಿ ಸಿಕ್ಕಬೇಕು. ಇಷ್ಟನ್ನೂ ನೆಲದ ಮೇಲೆ ಕೂತು ಜೋಡಿಸಿ ನೋಡಿದ ಮೇಲೆಯೇ ಚೈನ್ ಬ್ಲಾಕಿಗೆ ಎಂಜಿನ್ ಕಟ್ಟಬೇಕು. ಸಣ್ಣ ಗೇರ್‌ಬಾಕ್ಸಿಗೆ ದೊಡ್ಡ ಎಂಜಿನ್ ಅಂದರೆ ಅದರ ಆಯುಸ್ಸು ಕಡಿಮೆಯೇ. ಪ್ರತಿ ಸೀಸನ್ ಬಿಚ್ಚಿ ನೋಡುತ್ತೇನೆ, ಸ್ಪೇರ್ ಒಂದು ಯಾವಾಗಲೂ ಇಟ್ಟಿರುತ್ತೇನೆ.

ಉಳಿದದ್ದು ಬೆಲ್ಟ್ ಕಡೆಯ ಎಂಜಿನ್ ಮೌಂಟಿಂಗ್. ಸ್ಟ್ರೋಕ್ ಉದ್ದವಾದ್ದರಿಂದ 1.3ರ ಬ್ಲಾಕ್ ಎತ್ತರ, ಹಾಗಾಗಿ ಬ್ರಾಕೆಟ್ ಹೊಸದಾಗಿ ಮಾಡಲೇಬೇಕಾಯಿತು. ಮೊದಲು ರಟ್ಟಿನಲ್ಲಿ ಕತ್ತರಿಸಿ ಆಕಾರ ನೋಡಿದೆವು. ಆಮೇಲೆ ದಪ್ಪ ಪ್ಲೇಟಿನಲ್ಲಿ ಮಾಡಿ ಬರೀ ಟ್ಯಾಕ್ ವೆಲ್ಡ್ (ಚುಕ್ಕೆ ಬೆಸುಗೆ) ಹಾಕಿದೆವು. ಎಂಜಿನ್ ಕೂರಿಸಿ, ಎರಡೂ ಆಕ್ಸಲ್ ಹಾಕಿ, ಚಕ್ರವನ್ನು ಪೂರ್ತಿ ಕೆಳಗೆ ಬಿಟ್ಟು, ಮತ್ತೆ ಜಾಕ್‌ನಿಂದ ಪೂರ್ತಿ ಮೇಲೆತ್ತಿ ನೋಡಿದೆವು. ಚಕ್ರ ಪೂರ್ತಿ ಮೇಲಿದ್ದರೂ ಪೂರ್ತಿ ಕೆಳಗಿದ್ದರೂ ಆಕ್ಸಲಿನ ಒಳಗಿನ ಜಾಯಿಂಟ್ ಗುದ್ದಬಾರದು, ಕಳಚಿಕೊಳ್ಳಲೂಬಾರದು. ಎಂಜಿನ್ ಒಂದಿಷ್ಟು ವಾಲಿ ಕೂತರೂ ಆಕ್ಸಲ್ ಕೋನ ಕೆಟ್ಟು ರಬ್ಬರ್ ಬೂಟು ಹರಿಯುತ್ತದೆ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಬ್ರಾಕೆಟ್ ಬಿಚ್ಚಿ ಪೂರ್ತಿ ವೆಲ್ಡ್ ಮಾಡಿಸಿದೆವು. ಬಾನೆಟ್ ತಾಗುತ್ತದಾ ಎಂದು ತಿಳಿಯಲು ಎಂಜಿನ್ನಿನ ಎತ್ತರದ ಜಾಗಗಳ ಮೇಲೆ ಹಸಿ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿದೆ. ತೆಗೆದು ನೋಡಿದರೆ ಎಷ್ಟು ಸಂದು ಇದೆ ಅಂತ ಉಂಡೆಯೇ ಹೇಳುತ್ತದೆ. ಒಂದು ಬೆರಳಷ್ಟಾದರೂ ಇರಬೇಕು. ಥ್ರಾಟಲ್ ಒತ್ತಿದಾಗ ಎಂಜಿನ್ ರಬ್ಬರಿನ ಮೇಲೆ ವಾಲುತ್ತದೆ.

ವೈರಿಂಗ್‌ಗೆ ಹೆದರುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ತಾಳ್ಮೆ ಇದ್ದರೆ ಇದೇ ಸುಲಭದ ಕೆಲಸ. ಎಸ್ಟೀಮ್‌ನ ಎಂಜಿನ್ ವೈರಿಂಗನ್ನು ಎಲ್ಲೂ ಕತ್ತರಿಸದೆ, ಪ್ರತಿ ಪ್ಲಗ್ಗಿಗೂ ಚೀಟಿ ಅಂಟಿಸಿ ತೆಗೆದೆ. ಇಸಿಯು ಕೂಡ ಎಸ್ಟೀಮ್‌ನದೇ. ಝೆನ್‌ನ ಇಸಿಯುನಲ್ಲಿ 993 ಸಿಸಿಗೆ ಬೇಕಾದ ಪೆಟ್ರೋಲಿನ ಲೆಕ್ಕ ಇರುತ್ತದೆ. ದೊಡ್ಡ ಎಂಜಿನ್‌ಗೆ ಅದು ಸಾಲದೆ ಹೋದರೆ ಮಿಶ್ರಣ ಲೀನ್ ಆಗಿ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ) ಪಿಸ್ಟನ್ ಸುಡಬಹುದು. ಇಸಿಯುಗೆ ಬೇಕಾದದ್ದು ಬ್ಯಾಟರಿ ಕರೆಂಟ್, ಇಗ್ನಿಷನ್ ಕರೆಂಟ್, ಒಳ್ಳೆಯ ಅರ್ಥ್, ಪಂಪ್ ರಿಲೇ. ಇವನ್ನು ಕಾರಿನ ವೈರಿಂಗ್‌ಗೆ ಸೇರಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಅರ್ಥ್ ಕೊಡುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹ ಕಾಣುವ ಹಾಗೆ ಮಾಡಿ. ಕಾರಣವೇ ತಿಳಿಯದ ಮಿಸ್‌ಫೈರ್‌ಗಳಲ್ಲಿ ಎಷ್ಟೋ ಈ ಒಂದು ಜಾಗದಿಂದ ಬರುತ್ತವೆ. ಬ್ಯಾಟರಿಯನ್ನು ಡಿಕ್ಕಿಗೆ ಕಳಿಸಿದೆ. ಮುಂದೆ ಹೆಚ್ಚಾದ ಭಾರದಲ್ಲಿ ಸ್ವಲ್ಪ ಹಿಂದಕ್ಕೆ ಹೋಯಿತು. ಬ್ಯಾಟರಿ ಪಕ್ಕದಲ್ಲೇ ದೊಡ್ಡ ಫ್ಯೂಸ್ ಇದೆ. ಕರೆಂಟ್ ಪೂರ್ತಿ ಕಡಿಯುವ ಕಿಲ್ ಸ್ವಿಚ್ ಒಳಗೆ ಸೀಟಿನಲ್ಲಿ ಕೂತವರ ಕೈಗೂ ಸಿಗಬೇಕು, ಹೊರಗೆ ನಿಂತು ಟ್ರ್ಯಾಕ್ ನೋಡಿಕೊಳ್ಳುವ ಮಾರ್ಷಲ್ ಕೈಗೂ ಸಿಗಬೇಕು.

ಕೂಲಿಂಗ್ ಬಗ್ಗೆ ಒಂದು ಮಾತು. ಆಟೋಕ್ರಾಸ್‌ನಲ್ಲಿ ಓಟ ಚಿಕ್ಕದು, ಅಷ್ಟರಲ್ಲಿ ಏನು ಬಿಸಿಯಾಗುತ್ತದೆ ಅನ್ನಬಹುದು. ಬಿಸಿಯಾಗುವುದು ಓಟ ಮುಗಿದು ಬಿಸಿಲಲ್ಲಿ ನಿಂತಾಗ. ಎಸ್ಟೀಮ್ ರೇಡಿಯೇಟರನ್ನೇ ಕೂರಿಸಿ, ಸುತ್ತಲಿನ ಸಂದುಗಳಿಗೆ ಅಲ್ಯೂಮಿನಿಯಂ ತಗಡು ಹೊಡೆದೆ. ಬಂಪರ್ ಒಳಗೆ ಬಂದ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳದೆ ರೇಡಿಯೇಟರ್ ಮೂಲಕವೇ ಹೋಗಬೇಕು. ಫ್ಯಾನಿಗೆ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ ಇದೆ. ಕೆಳಗೆ ಸಂಪ್ ಗಾರ್ಡ್ ಕಡ್ಡಾಯ. ಅದರಲ್ಲಿ ಆಯಿಲ್ ಬಿಡುವ ಬೋಲ್ಟಿನ ಕೆಳಗೆ ತೂತು ಬಿಡಿಸಿ, ಆಯಿಲ್ ಬದಲಿಸಲು ಪ್ರತಿ ಸಲ ಗಾರ್ಡ್ ಬಿಚ್ಚುವುದು ತಪ್ಪುತ್ತದೆ.

ಬ್ರೇಕಿಗೆ ಹೊಸ ಪ್ಯಾಡ್, ಡಾಟ್ 4 ಆಯಿಲ್, ಉಕ್ಕಿನ ಹೆಣಿಗೆಯ ಹೋಸ್. ಡಾಟ್ 4ಕ್ಕೆ ಹೊಸದರಲ್ಲಿ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕು ಎಂಬುದು ನಿಯಮ. ತೇವ ಎಳೆದುಕೊಂಡ ಆಯಿಲ್‌ಗೆ ನಿಯಮ ಕೇಳುವ ಕನಿಷ್ಠ ಬರೀ 155. ಮಳೆಗಾಲ ಕಳೆದ ಮೇಲೆ ಆಯಿಲ್ ಬದಲಿಸಲು ಇದಕ್ಕಿಂತ ಬೇರೆ ಕಾರಣ ಬೇಡ. ಟೈರ್ ವಿಷಯದಲ್ಲಿ ಹಲವರು ದೊಡ್ಡದು ಹಾಕುತ್ತಾರೆ, ಕಾರು ಎತ್ತರ ಕಾಣುತ್ತದೆ ಅಂತ. 145/70 ಆರ್13 ತೆಗೆದು 155/80 ಆರ್13 ಹಾಕಿದರೆ ವ್ಯಾಸ ಸುಮಾರು 45 ಮಿ.ಮೀ. ಹೆಚ್ಚುತ್ತದೆ. ಗೇರಿಂಗ್ ಶೇ 8ರಷ್ಟು ಉದ್ದವಾಗುತ್ತದೆ. ಇಷ್ಟು ಕಷ್ಟಪಟ್ಟು ತಂದ ಎಳೆತದಲ್ಲಿ ಒಂದು ಪಾಲು ಟೈರಿಗೇ ಹೋಯಿತು.

ರೋಲ್ ಕೇಜಿನಲ್ಲಿ (ಒಳಗಿನವರನ್ನು ಕಾಯುವ ಪೈಪಿನ ಪಂಜರ) ಚೌಕಾಸಿ ಮಾಡಬೇಡಿ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮ ಕೇಳುವುದು ಬೆಸುಗೆ ಗೆರೆ ಇಲ್ಲದ, ಕೋಲ್ಡ್ ಡ್ರಾ ಮಾಡಿದ (ತಣ್ಣಗೇ ಎಳೆದು ಮಾಡಿದ) ಪೈಪು. ಸೀಟಿನ ಹಿಂದಿನ ಮುಖ್ಯ ಹೂಪ್‌ಗೆ (ಕಮಾನು) 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ಗೇಟು, ಗ್ರಿಲ್ ಮಾಡುವ, ಬೆಸುಗೆ ಗೆರೆ ಇರುವ ಸೀಮ್ ಪೈಪು ನೋಡಲು ಹಾಗೇ ಇರುತ್ತದೆ. ಕಾರು ಮಗುಚಿದಾಗ ಅದು ಹಾಗೇ ಇರುವುದಿಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗೆದು, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ಲೈಟ್ ಆರುವವರೆಗೆ ಸ್ಟಾರ್ಟರ್ ತಿರುಗಿಸಿದೆ. ಆಮೇಲೆ ಪ್ಲಗ್, ಫ್ಯೂಸ್ ಹಾಕಿ ಕೀ ತಿರುಗಿಸಿದಾಗ ಎಂಜಿನ್ ಎದ್ದ ಸದ್ದು ಕೇಳಿ ಗ್ಯಾರೇಜಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ಬಂದರು. ಒಮ್ಮೆ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಮೌಂಟಿಂಗ್, ಆಕ್ಸಲ್, ಸೈಲೆನ್ಸರ್ ಬೋಲ್ಟುಗಳನ್ನು ಮತ್ತೆ ಟಾರ್ಕ್ ಮಾಡಿ (ಅಳತೆಯ ಬಲಕ್ಕೆ ಬಿಗಿದು) ಪೇಂಟ್ ಗೆರೆ ಎಳೆದೆ. ಗೆರೆ ಜರುಗಿದ್ದರೆ ಬೋಲ್ಟ್ ಸಡಿಲವಾಗಿದೆ ಅಂತ ದೂರದಿಂದಲೇ ಕಾಣುತ್ತದೆ.

ಮಣ್ಣಿನ ಮೇಲೆ ಈಗ ಹೇಗಿದೆ ಅಂದರೆ, ಹೇರ್‌ಪಿನ್‌ನಲ್ಲಿ ಸೆಕೆಂಡ್ ಗೇರ್ ಬಿಡುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಹಿಂಭಾಗ ತಿರುಗಿಸಿ ಥ್ರಾಟಲ್ ಕೊಟ್ಟರೆ ಮೂಗು ನೇರ ಹೊರಗೆ ಬರುತ್ತದೆ. ಮೂಗು ಭಾರವಾದ್ದರಿಂದ ವೇಗದ ತಿರುವಿನಲ್ಲಿ ಕಾರು ಹೊರಗೆ ಜಾರಲು ನೋಡುತ್ತದೆ. ಅಲ್ಲಿ ಎಡಗಾಲಿನಿಂದ ಬ್ರೇಕ್ ತಾಗಿಸುವುದನ್ನು ಕಲಿಯಬೇಕಾಯಿತು. ಹೆಚ್ಚಾದ ಭಾರ ಹೊರಲು ಮುಂದಿನ ಸ್ಪ್ರಿಂಗನ್ನೂ ಗಟ್ಟಿ ಮಾಡಿದೆ.

ಕಾಗದದ ಕೆಲಸವನ್ನು ಮೊದಲೇ ಯೋಚಿಸಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಇಲ್ಲದೆ ಎಂಜಿನ್ ಬದಲಾಯಿಸಿದ ಕಾರನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ನನ್ನ ಕಾರು ಸ್ಪರ್ಧೆಗೆ ಮಾತ್ರ, ಟ್ರಕ್ಕಿನ ಮೇಲೇ ಹೋಗಿ ಬರುತ್ತದೆ. ಹಾಗೆಯೇ ಸ್ಪರ್ಧೆಯ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ (ಆ ಸ್ಪರ್ಧೆಯದೇ ನಿಯಮಗಳು) ಓದಿ. ಕ್ಲಾಸ್‌ಗಳು ಸಿಸಿ ಮೇಲೆ ಇರುತ್ತವೆ. ಎಂಜಿನ್ ಬದಲಿಸಿದ ಕಾರಿಗೆ, ಕಂಪನಿಯಿಂದ ಬಂದ ಹಾಗೇ ಇರುವ ಕಾರುಗಳ ಸ್ಟಾಕ್ ಕ್ಲಾಸಿನಲ್ಲಿ ಜಾಗ ಇಲ್ಲ, ಓಪನ್ ಕ್ಲಾಸಿನಲ್ಲಿ ದೊಡ್ಡ ಕಾರುಗಳ ಜೊತೆ ಓಡಬೇಕು. ಅದು ಬೇಡ ಅನ್ನುವವರು ಸ್ಟಾಕ್ ಝೆನ್‌ನಲ್ಲೇ ಇರುವುದು ಒಳ್ಳೆಯದು.

ಇವತ್ತು ಹೊಸದಾಗಿ ಶುರು ಮಾಡುವವರಿಗೆ ಜಿ ಸರಣಿಯ ಬಿಡಿಭಾಗ ಸಿಗುವುದು ಕಷ್ಟವಾಗುತ್ತಿದೆ. ಸುಜುಕಿಯ ನಂತರದ ಕೆ ಸರಣಿ ಸಹಜವಾಗಿಯೇ ಕಣ್ಣಿಗೆ ಬೀಳುತ್ತದೆ. ಆಲ್ಟೊ ಕೆ10ನ 998 ಸಿಸಿ, 2024ಕ್ಕೆ ಮೊದಲಿನ ಸ್ವಿಫ್ಟ್‌ನ 1197 ಸಿಸಿ, ಎರಡೂ ಅದರವೇ. ಆದರೆ ಮೊದಲನೆಯದು ಮೂರು ಸಿಲಿಂಡರ್, ಎರಡನೆಯದು ನಾಲ್ಕು. ಅಗಲ ಅಳೆಯದೆ ದುಡ್ಡು ಕೊಡಬೇಡಿ. ಕೊಳ್ಳುವಾಗ ಇಸಿಯು, ಇಮೊಬಿಲೈಜರ್ (ಕಳ್ಳತನ ತಡೆಯುವ ಸಾಧನ), ಕೀ ಮೂರನ್ನೂ ಒಂದೇ ಕಾರಿನಿಂದ ತನ್ನಿ, ಇಲ್ಲದಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.